ಒಂದೇ ಕುರಿಯ ಪಾಲು

ಕುರಿಗೆ ಮೂರು ಸೊಂಟ ಕೊಟ್ಟಿದ್ದರೆ ದೇವರ ಗಂಟೇನು ಹೋಗುತ್ತಿತ್ತು ಎಂದು ಮೆದೆರ್ ವಿದೇಶಾಂಗ ಇಲಾಖೆಯ ಕಾರಿನ ಕನ್ನಡಿಯಲ್ಲಿ ಟೈ ಬಿಗಿದುಕೊಳ್ಳುತ್ತ ಯೋಚಿಸಿದ. ಕನ್ನಡಿ ಸಣ್ಣದು. ಮುಖ ಕಂಡರೆ ಟೈ ಕಾಣದು, ಟೈ ಕಂಡರೆ ಮುಖ ಕಾಣದು. ಬೆನ್ನ ಹಿಂದೆ ಹುಲ್ಲುಗಾವಲು, ಅದರ ನಡುವೆ ಸೋದರಮಾವನ ಉಣ್ಣೆಗುಡಾರ, ಗುಡಾರದ ಪಕ್ಕದ ಗೂಟಕ್ಕೆ ಕಟ್ಟಿದ ಕುರಿ. ಕುರಿ ಅವನನ್ನೇ ನೋಡುತ್ತಿತ್ತು, ಅಥವಾ ಅವನಿಗೆ ಹಾಗನ್ನಿಸಿತು. ಒಂದು ಕುರಿಗೆ ಸೊಂಟದೆಲುಬು ಎರಡೇ, ಬಲಕ್ಕೊಂದು ಎಡಕ್ಕೊಂದು. ಮಾಂಸ ಸಮೇತ ಬೇಯಿಸಿದ ಆ ಎಲುಬಿಗೆ ಜಂಬಾಶ್ ಎನ್ನುತ್ತಾರೆ, ಪಂಕ್ತಿಯಲ್ಲಿ ಯಾರು ಎಲ್ಲರಿಗಿಂತ ಹಿರಿಯರೋ ಅದು ಅವರ ಮುಂದೆ ಹೋಗಬೇಕು. ಈ ಕಣಿವೆಯಲ್ಲಿ, ಮದುವೆಯಿರಲಿ ಸಾವಿರಲಿ, ಅದು ಎಷ್ಟೋ ವರ್ಷಗಳಿಂದ ದಾರಿ ಕೇಳದೆ ಮಾವ ಬಾಯ್ಸೆರ್ಕೆಯ ಮುಂದೆ ಹೋಗಿ ಕೂರುತ್ತಿತ್ತು. ಇವತ್ತು ಮಧ್ಯಾಹ್ನ ಇದೇ ಗುಡಾರದ ಊಟಕ್ಕೆ ರಷ್ಯಾದವರೂ ಬರುತ್ತಿದ್ದರು, ಚೀನಾದವರೂ ಬರುತ್ತಿದ್ದರು. ಕಣಿವೆಯೊಳಗೆ ಹಾಯಬೇಕಾದ ರೈಲಿನ ಹಳಿ ಯಾರ ದೇಶದ ಹಳಿಯಷ್ಟು ಅಗಲ ಇರಬೇಕು ಎಂಬ ಮಾತುಕತೆ ಇನ್ನೂ ಮುಗಿದಿರಲಿಲ್ಲ. ಮುಗಿಯುವವರೆಗೆ ಇಬ್ಬರಿಗೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಕೂಡದು. ಎರಡು ನಿಯೋಗದ ಇಬ್ಬರು ಮುಖ್ಯಸ್ಥರು, ಎರಡು ಜಂಬಾಶ್. ಎಲ್ಲ ಸರಿಹೋಗಿ ಮಾವ ಒಬ್ಬ ಹೊರಗುಳಿದಿದ್ದ. ಹಂಚುವ ಕೈ ಮೆದೆರ್‌ನದು.

ಅವನು ಸುಮ್ಮನೆ ತಲೆಯಾಡಿಸಿ ಬಂದವನಲ್ಲ. ಹೋದ ವಾರ ಶಿಷ್ಟಾಚಾರ ವಿಭಾಗದ ಸಭೆಯಲ್ಲಿ, ಎಲ್ಲರೂ ಬಿಸ್ಕತ್ತು ಚಹಾದಲ್ಲಿ ಅದ್ದುತ್ತಿದ್ದಾಗ, ಬಾಯಿಬಿಟ್ಟು ಕೇಳಿಯೂ ಇದ್ದ. ವಿಭಾಗದ ಮುಖ್ಯಸ್ಥ ಕಮ್ಚಿಬೆಕ್‌ನನ್ನು ಕಚೇರಿಯಲ್ಲಿ ಎಲ್ಲರೂ ಬಾಯ್ಕೆ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದರು.

"ಬಾಯ್ಕೆ, ಎರಡು ಕುರಿ ಕಡಿದ್ರೆ ಆಗಲ್ವಾ?"

ಕಮ್ಚಿಬೆಕ್ ಕನ್ನಡಕ ತೆಗೆದು ಒರೆಸಿದ. "ಎರಡು ಕುರಿ. ಸರಿ. ಒಂದು ದಪ್ಪ ಇರುತ್ತೆ, ಇನ್ನೊಂದು ಸಣಕಲು. ದಪ್ಪದ್ದು ಯಾರಿಗೆ?"

"ಒಂದೇ ತೂಕದ್ದು ಹುಡುಕಿಸೋಣ."

"ಹುಡುಕಿಸಿದೆ ಅಂತಿಟ್ಕೋ. ಯಾವುದನ್ನ ಮೊದಲು ಕಡೀತೀಯ?"

ಮೆದೆರ್ ತಾನೂ ಒಂದು ಬಿಸ್ಕತ್ತು ಚಹಾದಲ್ಲಿ ಅದ್ದಿದ.

"ಒಂದೇ ಕುರಿ, ಒಂದೇ ತಟ್ಟೆ, ಇಬ್ಬರೂ ಜೊತೆಗೆ ಕೂತು ಉಣ್ಣೋ ಫೋಟೋ. ತಲೆ ನಮ್ಮ ಉಪಮಂತ್ರಿಗಳಿಗೆ. ಎಲ್ಲಕ್ಕಿಂತ ದೊಡ್ಡದು ತಲೆ, ಅದು ನಮ್ಮ ಕೈಲೇ ಉಳೀತು ನೋಡು. ತೊಡೆ ಎಲುಬು ರಾಯಭಾರಿಗಳಿಗೆ. ಉಳಿದಿದ್ದು ಉಳಿದವರಿಗೆ."

ದಕ್ಷಿಣದವನಾದ ಕಮ್ಚಿಬೆಕ್‌ನ ಊರಿನಲ್ಲಿ ತಲೆಯೇ ದೊಡ್ಡದು, ನಿಜ. ಈ ಕಣಿವೆಯಲ್ಲಿ ತಲೆ ಎಳೆಯರ ಪಾಲು. ಉಪಮಂತ್ರಿಗೆ ಇನ್ನೂ ಸರಿಯಾಗಿ ಹೊಟ್ಟೆ ಕೂಡ ಬಂದಿರಲಿಲ್ಲ, ಆದ್ದರಿಂದ ಎರಡೂ ಕಡೆಯ ರೂಢಿಗೆ ಅದು ಸರಿಯಾಗಿಯೇ ಕೂತಿತು. ಮೆದೆರ್ ತಿದ್ದಲು ಹೋಗಲಿಲ್ಲ. ಹೀಗೆ ಯಾರೂ ತಿದ್ದದೆ ಬಿಟ್ಟ ತಪ್ಪುಗಳ ಮೇಲೇ ತನ್ನ ದೇಶ ಇಷ್ಟು ವರ್ಷ ನೆಮ್ಮದಿಯಾಗಿ ನಿಂತಿದೆ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

"ಮತ್ತೆ ಮನೆ ಯಜಮಾನರಿಗೆ?" ಎಂದು ಕೇಳಿದ, ಆದಷ್ಟೂ ಬೇರೆ ಯಾರದೋ ವಿಷಯ ಎನ್ನುವಂತೆ.

"ಯಜಮಾನರು ಅಂದ್ರೆ ನಿನ್ನ ಮಾವ ತಾನೆ? ಮನೆಯವರಪ್ಪಾ. ಮನೆಯವರಿಗೆ ಯಾವುದೋ ಒಂದು ಎಲುಬು. ಅವರೇನು ಹಳಿ ಹಾಕಿಸ್ತಾರಾ?"

ಎಲ್ಲರೂ ನಕ್ಕರು. ಮೆದೆರ್ ಕೂಡ ನಕ್ಕ. ಆ ನಗು ಈಗ ಕಾರಿನ ಕನ್ನಡಿಯಲ್ಲಿ ಮತ್ತೆ ಕಂಡಂತಾಗಿ ಟೈ ಬಿಚ್ಚಿ ಮೊದಲಿನಿಂದ ಕಟ್ಟತೊಡಗಿದ. ನಗುವಿನ ವಿಷಯದಲ್ಲಿ ಅವನು ಪಳಗಿದವನು. ಅಮೆರಿಕದವರು ವಿಮಾನನೆಲೆಯಲ್ಲಿದ್ದ ಕಾಲಕ್ಕೆ ಹಲ್ಲು ಪೂರ್ತಿ ಕಾಣಿಸುವಂತೆ ನಗಬೇಕಿತ್ತು. ಇಲ್ಲದಿದ್ದರೆ ಏನೋ ತೊಂದರೆಯಾಗಿದೆ ಎಂದು ಅವರು ಗಾಬರಿಯಾಗುತ್ತಿದ್ದರು. ರಷ್ಯಾದವರೆದುರು ಹಾಗೆ ನಕ್ಕರೆ ಇವನಿಗೇನು ಹುಚ್ಚೇ ಎಂದು ನೋಡುತ್ತಾರೆ, ಅಲ್ಲಿ ಹುಬ್ಬು ಗಂಟಿಕ್ಕಿ, ಮೂರನೆಯ ಲೋಟದ ಹೊತ್ತಿಗೆ ಮನಸ್ಸು ಬಿಚ್ಚಿ ನಗಬೇಕು. ಚೀನಾದವರೆದುರು ತುಟಿಯಂಚಿನಲ್ಲಿ ಸ್ವಲ್ಪ, ತಲೆಬಾಗಿಸಿ, ಅವರು ನಿಲ್ಲಿಸುವವರೆಗೆ ನಿಲ್ಲಿಸದೆ. ನಡುವೆ ತುರ್ಕಿಯವರು ಬಂದರು, ಅವರನ್ನು ತಬ್ಬಿಕೊಳ್ಳಬೇಕು. ಒಮ್ಮೆ ಅವಸರದಲ್ಲಿ ಕೋಟಿನ ಮೇಲೆ ಹಿಂದಿನ ದಿನದ ಅತಿಥಿಗಳ ಬಾವುಟದ ಪಿನ್ನು ಸಿಕ್ಕಿಸಿಕೊಂಡು ಹೋಗಿ, ಅದನ್ನು ಕೈಯಿಂದ ಮುಚ್ಚಿಕೊಂಡು ಒಂದು ಇಡೀ ಭಾಷಣ ಕೇಳಿದ್ದ. ಎದೆನೋವು ಎಂದುಕೊಂಡು ಯಾರೋ ನೀರು ತಂದುಕೊಟ್ಟಿದ್ದರು. ಹೆಂಡತಿ ಚೋಲ್ಪೊನ್ ಸಂಜೆ ಬಾಗಿಲು ತೆರೆಯುವಾಗಲೇ ಕೇಳುತ್ತಿದ್ದಳು, "ಇವತ್ತು ಯಾರ ಮುಖ ಹಾಕ್ಕೊಂಡು ಬಂದ್ರಿ? ಒಳಗೆ ಬರೋ ಮುಂಚೆ ಬೂಟು ಜೊತೆ ಅದನ್ನೂ ಅಲ್ಲೇ ಬಿಡಿ." ಅವನು ಬಿಡುತ್ತಿದ್ದ. ಬಿಟ್ಟ ಮೇಲೆ ಒಳಗೆ ಏನು ಹೊತ್ತುಕೊಂಡು ಹೋಗಬೇಕು ಎಂದು ತಿಳಿಯದೆ ಟಿವಿ ಹಾಕುತ್ತಿದ್ದ.

"ಏನೋ, ಕುತ್ತಿಗೆಗೆ ಹಗ್ಗ ಬಿಗ್ಕೊಂಡು ನಿಂತಿದೀಯ?" ಹಿಂದಿನಿಂದ ಮಾವನ ದನಿ ಕೇಳಿಸಿತು. "ಕುರಿ ಅಲ್ಲಿದೆ. ನೀನಲ್ಲ."

ಬಾಯ್ಸೆರ್ಕೆ ಗುಡಾರದ ನೆರಳಿನಲ್ಲಿ ಮಡಚುವ ಕುರ್ಚಿಯ ಮೇಲೆ ಕೂತಿದ್ದ. ಕುರ್ಚಿ ಅಮೆರಿಕದ ಸೈನ್ಯದ್ದು, ನೆಲೆ ಖಾಲಿಯಾದಾಗ ಸಂತೆಗೆ ಬಂದದ್ದು. ಕಾಲ ಬಳಿ ಚೀನಾದ ಫ್ಲಾಸ್ಕು. ಅವನ ಹಿಂದೆ ಹೊಗೆ ಬಿಡುತ್ತಿದ್ದ ಚಹಾದ ಸಮೋವರ್ ಮಾಸ್ಕೋದ ಉಡುಗೊರೆ, ಒಳ್ಳೆಯ ಉಣ್ಣೆ ಕೊಟ್ಟದ್ದಕ್ಕೆ, ಆ ದೇಶವೇ ಇಲ್ಲವಾಗುವ ಮುಂಚೆ. ಯಾವುದರ ಬಗೆಗೂ ಅವನಿಗೆ ಕೃತಜ್ಞತೆಯೂ ಇರಲಿಲ್ಲ, ತಕರಾರೂ ಇರಲಿಲ್ಲ. "ಯಾರು ಬಂದ್ರೂ ಹೋಗುವಾಗ ಏನಾದ್ರೂ ಬಿಟ್ಟು ಹೋಗ್ತಾರೆ ಬಾಲಂ," ಎನ್ನುತ್ತಿದ್ದ. ಬಾಲಂ ಅಂದರೆ ನನ್ನ ಮಗು. ಮೆದೆರ್‌ನ ತಲೆಕೂದಲು ಉದುರತೊಡಗಿದ ಮೇಲೂ ಆ ಮಾತು ಉದುರಿರಲಿಲ್ಲ.

"ತಾಯಾಕೆ," ಎಂದು ಮೆದೆರ್ ಹತ್ತಿರ ಹೋಗಿ ಕೂತ. ತಾಯಿಯ ತಮ್ಮನನ್ನು ಕರೆಯುವ ಆ ಶಬ್ದ ನಾಲಗೆಗೆ ಬಂದ ಕೂಡಲೇ ಹೇಳಬೇಕಾದ ಉಳಿದದ್ದೆಲ್ಲ ಹಿಂದಕ್ಕೆ ಸರಿಯಿತು. "ತಾಯಾಕೆ, ಮಂಡಿನೋವು ಹೇಗಿದೆ?"

"ಮಂಡಿ ಇದೆ. ನೋವೂ ಇದೆ." ಬಾಯ್ಸೆರ್ಕೆ ಜೇಬಿನಿಂದ ಒಂದು ಕುರುತ್ ತೆಗೆದು ಬಾಯಿಗೆ ಹಾಕಿದ. ಒಣಗಿದ ಮೊಸರಿನ ಉಂಡೆ ಅದು, ಕಲ್ಲಿಗೆ ಬಡಿದರೆ ಕಲ್ಲೇ ನೋಯಬೇಕು, ಪಟ್ಟಣದವರು ನೀರಿನಲ್ಲಿ ನೆನೆಸಿ ತಿನ್ನುತ್ತಾರೆ. ಮಾವನ ದವಡೆಯಲ್ಲಿ ಅದು ಕಟುಂ ಎಂದು ಎರಡಾಯಿತು. "ನಿನ್ನದೇನು, ಬೆಳಗ್ಗೆಯಿಂದ ನನ್ನ ಸುತ್ತ ಸುತ್ತಿ ಸುತ್ತಿ ಹೋಗ್ತಿದೀಯ. ದುಡ್ಡು ಬೇಕಾ?"

"ಇಲ್ಲ ಇಲ್ಲ. ಊಟದ ವಿಷಯ. ಇವತ್ತು ಬರೋರು ಸ್ವಲ್ಪ..."

"ಬರ್ಲಿ. ಕುದುರೆ ಹಾಲಿನ ಕುಮಿಸ್ ಚೆನ್ನಾಗಿ ಹುಳಿ ಬಂದಿದೆ."

"ಅದಲ್ಲ. ಜಂಬಾಶ್..."

"ಕುರಿ ಇನ್ನೂ ನಿಂತಿದೆ, ಆಗಲೇ ಸೊಂಟ ಹಿಡ್ಕೊಂಡ್ಯಲ್ಲೋ," ಎಂದು ಮಾವ ನಕ್ಕ. "ಬೆಂದ ಮೇಲೆ ನೋಡೋಣ. ಹಂಚೋನು ನೀನೇ ತಾನೆ? ಅಕ್ಕನ ಮಗ ಹಂಚಿದ್ರೆ ನನಗೆ ಚಿಂತೆ ಏನು?"

ಇದನ್ನು ಅವನು ಚುಚ್ಚಿ ಹೇಳಿದನೋ, ನಂಬಿ ಹೇಳಿದನೋ? ಚುಚ್ಚಿದ್ದರೆ ಮೆದೆರ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಇದೇ ಹುಲ್ಲುಗಾವಲಿನಲ್ಲಿ, ಇದೇ ಗುಡಾರದೊಳಗೆ, ಅಪ್ಪನಿಲ್ಲದ ಹುಡುಗ ದೊಡ್ಡವರ ಪಂಕ್ತಿಯ ಹಿಂದೆ ಮಾವನ ಬೆನ್ನಿಗೆ ಒರಗಿಕೊಂಡು ಕೂರುತ್ತಿದ್ದ. ಬೆನ್ನು ಬೆಚ್ಚಗಿತ್ತು, ಕುದುರೆ ಬೆವರಿನ ವಾಸನೆ ಹೊಡೆಯುತ್ತಿತ್ತು. ಆಚೆ ಕಡೆ ನಗು, ಗುಂಡು, ಯಾರೋ ಪಕ್ಷದವರ ಭಾಷಣ. ಈಚೆಯಿಂದ ಕಾಣುತ್ತಿದ್ದದ್ದು ಅಂಗಿಯ ಹೊಲಿಗೆ ಮಾತ್ರ. ಜಂಬಾಶ್ ಮಾವನ ಮುಂದೆ ಬಂದದ್ದು ಹುಡುಗನಿಗೆ ಹೇಗೆ ಗೊತ್ತಾಗುತ್ತಿತ್ತೆಂದರೆ, ಸ್ವಲ್ಪ ಹೊತ್ತಿಗೆ ಆ ಬೆನ್ನು ಅಲುಗುತ್ತಿತ್ತು, ತಲೆ ತಿರುಗದೆಯೇ ಒಂದು ಕೈ ಹಿಂದಕ್ಕೆ ಚಾಚಿ ಬರುತ್ತಿತ್ತು, ಅದರಲ್ಲಿ ಕೊಬ್ಬು ಮಾಂಸ ಸಮವಾಗಿ ಸೇರಿದ ಒಂದು ತುಂಡು. ಹುಡುಗ ಕೈಯೊಡ್ಡುತ್ತಿರಲಿಲ್ಲ, ನೇರ ಬಾಯೇ ಒಡ್ಡುತ್ತಿದ್ದ. ಊರವರು ಜಂಬಾಶ್ ಎಂದರೆ ಗೌರವ ಎನ್ನುತ್ತಿದ್ದರು. ಅವನಿಗೆ ಅದು ಹಿಂದಕ್ಕೆ ಚಾಚಿ ಬರುವ ಕೈ. ಮೆದೆರ್ ಗಂಟಲು ಸರಿಮಾಡಿಕೊಂಡು ಹೇಳಿಯೇಬಿಡಬೇಕು ಎಂದು ತಿರುಗಿದ. ಮಾವ ಎದ್ದು ಕುರಿಯ ಕಡೆ ಹೋಗಿದ್ದ.

ಹೊತ್ತು ನೆತ್ತಿಗೇರುವಾಗ ಕಾರುಗಳು ಬಂದವು. ಎರಡು ಸಾಲಿನವೂ ಒಟ್ಟಿಗೆ ಬರುವಂತೆ ಕಮ್ಚಿಬೆಕ್ ಸೇತುವೆಯ ಬಳಿ ಪೊಲೀಸರನ್ನು ನಿಲ್ಲಿಸಿ ಒಂದು ಸಾಲನ್ನು ತಡೆಸಿದ್ದ. ಯಾವ ಸಾಲು ಎಂದು ಅವನು ಯಾರಿಗೂ ಹೇಳಲಿಲ್ಲ. ರಷ್ಯಾದ ಮುಖ್ಯಸ್ಥ ದಢೂತಿ ಮನುಷ್ಯ, ಇಳಿದವನೇ ಗಾಳಿ ಎಳೆದುಕೊಂಡು, ಬಾಲ್ಯದಲ್ಲಿ ಬೇಸಿಗೆಗೆ ಇಲ್ಲೇ ಸರೋವರಕ್ಕೆ ಬರುತ್ತಿದ್ದೆ ಎಂದ. ಅವರೆಲ್ಲ ಬಾಲ್ಯದಲ್ಲಿ ಇಲ್ಲೇ ಸರೋವರಕ್ಕೆ ಬಂದವರೇ. ಚೀನಾದ ಮುಖ್ಯಸ್ಥ ಮೆತ್ತಗಿನ ದನಿಯ, ತೆಳ್ಳಗಿನ ಮನುಷ್ಯ. ಬೆಟ್ಟವನ್ನು ಸ್ವಲ್ಪ ಹೊತ್ತು ನೋಡಿ ಏನೋ ಹೇಳಿದ, ದುಭಾಷಿ ಹುಡುಗಿ ಅದನ್ನು "ಇಲ್ಲಿ ಸುರಂಗ ಸುಲಭ ಎನ್ನುತ್ತಿದ್ದಾರೆ" ಎಂದು ಒಪ್ಪಿಸಿದಳು. ಗುಡಾರದೊಳಗೆ ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಉಪಮಂತ್ರಿ, ಅವನ ಬಲಕ್ಕೊಬ್ಬ, ಎಡಕ್ಕೊಬ್ಬ. ಬಲ ಹೆಚ್ಚೋ ಎಡ ಹೆಚ್ಚೋ ಎಂಬ ಪ್ರಶ್ನೆ ಏಳಬಾರದೆಂದು ಎಡಗಡೆ ಎರಡು ಹಾಸು ಹೆಚ್ಚಿಗೆ ಹಾಕಿಸಿದ್ದರು. ಬಾಯ್ಸೆರ್ಕೆ ತನ್ನದೇ ಗುಡಾರದಲ್ಲಿ ಎಲ್ಲಿ ಕೂರಬೇಕೆಂದು ಒಂದು ಗಳಿಗೆ ನಿಂತು ನೋಡಿದ. ಆಮೇಲೆ ರಾಯಭಾರಿಗಳನ್ನೂ ದಾಟಿ, ಬಾಗಿಲ ಕಡೆ, ಫೋಟೋದವನ ಕಾಲ ಬಳಿ ಕೂತು ಬಿಳಿ ಉಣ್ಣೆಟೋಪಿ ಸರಿಮಾಡಿಕೊಂಡ. ಅವನ ಸೊಸೆ ಎಲ್ಲರ ಕೈಗೆ ನೀರು ಹಾಕಿದಳು. ಬಿಸಿ ಸಾರು ಬಂತು. ಮಾಂಸದ ದೊಡ್ಡ ತಟ್ಟೆ ಬಂತು.

ಮೆದೆರ್ ಕೋಟು ತೆಗೆದು ತೋಳು ಮಡಚಿದ. ತಟ್ಟೆಯಿಂದ ಏಳುತ್ತಿದ್ದ ಹಬೆಗೆ ಮುಖ ಬಿಸಿಯಾಯಿತು, ಅದಕ್ಕೆ ಅವನು ಮನಸ್ಸಿನಲ್ಲೇ ಉಪಕಾರ ಹೇಳಿಕೊಂಡ, ಮುಖ ಕೆಂಪಾದರೆ ಕಾರಣ ಕೇಳುವವರಿಲ್ಲ. ತಲೆ ಉಪಮಂತ್ರಿಗೆ. ಕಮ್ಚಿಬೆಕ್ ಹೆಮ್ಮೆಯಿಂದ ಸುತ್ತ ನೋಡಿದ. ಆಮೇಲೆ ಮೆದೆರ್ ಎರಡು ಕೈಯಲ್ಲಿ ಎರಡು ಜಂಬಾಶ್ ಹಿಡಿದು, ಮೊದಲು ಬಲಕ್ಕೆ ಕೊಟ್ಟ ಎಂದು ಯಾರೂ ಹೇಳದಂತೆ, ಕೋಳಿಯ ಹಾಗೆ ರೆಕ್ಕೆ ಅಗಲಿಸಿ ಇಬ್ಬರ ಮುಂದೆಯೂ ಒಂದೇ ಸಲಕ್ಕೆ ಇಟ್ಟ. ಇದನ್ನು ನಿನ್ನೆ ಕಚೇರಿಯಲ್ಲಿ ಎರಡು ಫೈಲು ಹಿಡಿದು ಅಭ್ಯಾಸ ಮಾಡಿದ್ದ. ಬಗ್ಗಿದವನು ಏಳುವಾಗ ಕಣ್ಣು ಅತ್ತ ಹೋಗಬಾರದು ಎಂದುಕೊಂಡರೂ ಹೋಯಿತು. ಬಾಗಿಲ ಬಳಿ ಮಾವನ ಎರಡೂ ಕೈ, ಅಭ್ಯಾಸಬಲದಿಂದ, ಇಸಿದುಕೊಳ್ಳಲು ಅರ್ಧ ಮೇಲೆದ್ದಿದ್ದವು. ಯಾರೂ ನೋಡಿರಲಿಕ್ಕಿಲ್ಲ. ಕೈಗಳು ಅಲ್ಲೇ ಒಂದು ಕ್ಷಣ ಇದ್ದು, ಬೇರೆ ಕೆಲಸಕ್ಕೇ ಎದ್ದಿದ್ದವೇನೋ ಎಂಬಂತೆ ಮೇಲೆ ಹೋಗಿ, ಸರಿಯಾಗೇ ಇದ್ದ ಟೋಪಿಯನ್ನು ಮತ್ತೆ ಸರಿಮಾಡಿದವು. ನಾಚಿಕೆಯಿಂದ ಮೆದೆರ್‌ಗೆ ಭೂಮಿಗಿಳಿದುಹೋಗಬೇಕು ಅನ್ನಿಸಿತು. ತೊಡೆಗಳನ್ನು ರಾಯಭಾರಿಗಳಿಗೆ ಕೊಟ್ಟ, ಅದು ಇದು ಅವರಿವರಿಗೆ ಕೊಟ್ಟ, ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಮುಂಗಾಲಿನ ಕೆಳಗಿನ ಎಲುಬು, ಸಾಮಾನ್ಯವಾಗಿ ಒಲೆ ಉರಿ ನೋಡಿಕೊಳ್ಳುವವರಿಗೆ ಬಿಡುವಂಥದ್ದು. ಅದನ್ನು ಮಾವನ ಮುಂದೆ ಇಟ್ಟ. ಮಾವ "ದೇವರು ನಿನಗೆ ಒಳ್ಳೇದು ಮಾಡ್ಲಿ" ಎಂದ, ಜಂಬಾಶ್ ಬಂದಾಗ ಹೇಳುವ ಹಾಗೇ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ರಷ್ಯಾದ ಮುಖ್ಯಸ್ಥ ಕತ್ತು ಚಾಚಿ ಉಪಮಂತ್ರಿಯ ಆಚೆಗಿದ್ದವನ ತಟ್ಟೆ ನೋಡಿದ. ತನ್ನದರಷ್ಟೇ ದೊಡ್ಡದು, ತನ್ನದರಂಥದ್ದೇ. ಅವನ ಮುಖದಲ್ಲಿ ಒಂದು ಯೋಚನೆ ನಿಧಾನವಾಗಿ ಮೇಲೆದ್ದು ಬಂದದ್ದು ಮೆದೆರ್‌ಗೆ ಕಂಡಿತು. ಆತ ಎದೆಯ ಮೇಲೆ ಕೈಯಿಟ್ಟು ಎದ್ದ. "ಸರೋವರಕ್ಕೆ ಬರ್ತಿದ್ದಾಗ ನನಗೊಂದು ವಿಷಯ ಕಲಿಸಿಕೊಟ್ಟಿದ್ರು. ಹಿರಿಯರು ಕೂತಿರೋ ಕಡೆ ಜಂಬಾಶ್ ಹಿರಿಯರದ್ದು," ಎಂದವನೇ ತನ್ನ ಎಲುಬನ್ನು ಎತ್ತಿಕೊಂಡು ದಢದಢ ನಡೆದು ಬಾಯ್ಸೆರ್ಕೆಯ ಮುಂದೆ ಇಟ್ಟ. ಗುಡಾರ ಮೆಚ್ಚಿ ಗುನುಗಿತು. ಕ್ಯಾಮೆರಾ ಮಿಂಚಿತು. ದುಭಾಷಿ ಹುಡುಗಿ ಚೀನಾದ ಮುಖ್ಯಸ್ಥನ ಕಿವಿಯಲ್ಲಿ ಏನೋ ಹೇಳಿ ಮುಗಿಸುವ ಮುಂಚೆಯೇ ಆತನೂ ಎದ್ದಿದ್ದ. ಮಾತಾಡಲಿಲ್ಲ. ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಬಾಗಿ, ಅದನ್ನೂ ಅಲ್ಲೇ ಇಟ್ಟ. ರಷ್ಯಾದವನಿಗಿಂತ ಹೆಚ್ಚು ಬಾಗಿದ್ದ.

ಈಗ ಬಾಯ್ಸೆರ್ಕೆಯ ಮುಂದೆ ಎರಡು ಜಂಬಾಶ್, ಒಂದು ಮುಂಗಾಲೆಲುಬು. ಮುದುಕನ ಕೈ ಮೊದಲು ಯಾವುದರ ಮೇಲೆ ಬೀಳುತ್ತದೆ ಎಂದು ಎಲ್ಲರೂ ನೋಡುತ್ತಿದ್ದರು, ನೋಡದವರಂತೆ ಸಾರು ಹೀರುತ್ತಿದ್ದರು. ಕಮ್ಚಿಬೆಕ್ ಮೆದೆರ್‌ನ ಬೆನ್ನಿಗೆ ತಿವಿದ.

"ನಿನ್ನ ಮಾವನಿಗೆ ಹೇಳು. ಎರಡನ್ನೂ ಒಟ್ಟಿಗೆ ಮುಟ್ಲಿ."

"ಹೇಗ್ರೀ ಹೇಳ್ಲಿ?"

"ಏನಾದ್ರೂ ಮಾಡು ಮಾರಾಯ. ಫೋಟೋದವನು ನೋಡ್ತಿದಾನೆ."

ಮೆದೆರ್ ಹೋಗಿ ಮಾವನ ಬೆನ್ನ ಹಿಂದೆ ಮಂಡಿಯೂರಿದ. ಬೇರೆ ಕಡೆ ಜಾಗವೂ ಇರಲಿಲ್ಲ. ಕುದುರೆ ಬೆವರಿನ ವಾಸನೆ ಈಗಲೂ ಅದೇ. ಬಾಯಿ ತೆರೆದ, ಕ್ಷಮಿಸಿ ಎನ್ನಬೇಕೋ ಎರಡನ್ನೂ ಮುಟ್ಟಿ ಎನ್ನಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮಾವನೇ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ.

"ದೊಡ್ಡೋರು ದೊಡ್ಡ ಮನಸ್ಸು ಮಾಡಿದ್ರಿ. ನನಗೆ ಎಲ್ಲಿ ಹಲ್ಲಿದೆ? ಅಕ್ಕನ ಮಗ ಇದಾನೆ, ನನ್ನ ಬದಲು ಅವನು ತಿಂತಾನೆ."

ಚಾಕುವಿನಿಂದ ಬಲದಿಂದ ಒಂದು ತುಂಡು, ಎಡದಿಂದ ಒಂದು ತುಂಡು, ಎರಡನ್ನೂ ಒಂದೇ ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿದ. ಹಿರಿಯರು ಮಕ್ಕಳ ಬಾಯಿಗೆ ತುತ್ತು ತುರುಕುವುದು ಎಲ್ಲ ಪಂಕ್ತಿಯಲ್ಲೂ ನಡೆಯುವುದೇ, ಆದರೆ ಮಕ್ಕಳಿಗೆ. ತಲೆ ತಿರುಗಲಿಲ್ಲ. ಬೆನ್ನು ಸ್ವಲ್ಪ ಅಲುಗಿತು, ಕೈ ಹಿಂದಕ್ಕೆ ಚಾಚಿ ಬಂತು.

"ಬಾಯಿ ತೆಗಿ."

ಟೈ ಕಟ್ಟಿದ, ತಲೆ ಬೋಳಾಗುತ್ತಿದ್ದ, ಶಿಷ್ಟಾಚಾರ ವಿಭಾಗದ ಉಪಮುಖ್ಯಸ್ಥ ಎರಡು ದೊಡ್ಡ ದೇಶಗಳ ಎದುರಿಗೆ ಬಾಯಿ ತೆಗೆದ. ತುತ್ತು ಎಷ್ಟು ದೊಡ್ಡದಾಗಿತ್ತೆಂದರೆ ಎರಡೂ ಕೆನ್ನೆ ಉಬ್ಬಿ ಕಣ್ಣಲ್ಲಿ ನೀರು ಬಂತು. ಗುಡಾರವೆಲ್ಲ ಗೊಳ್ಳೆಂದು ನಕ್ಕಿತು. ಕಮ್ಚಿಬೆಕ್ ಬೆವರು ಒರೆಸಿಕೊಂಡ. ರಷ್ಯಾದವನು ತೊಡೆ ತಟ್ಟಿ ಕೇಳಿದ, "ಹೇಳಿ ಹೇಳಿ, ಯಾವುದು ರುಚಿ? ನಮ್ಮದೋ ಅವರದ್ದೋ?" ದುಭಾಷಿ ಹುಡುಗಿ ಇದನ್ನೂ ಒಪ್ಪಿಸಿದಳು, ಚೀನಾದವನು ನಗುತ್ತಲೇ, ಬಹಳ ಗಮನವಿಟ್ಟು, ಮೆದೆರ್‌ನ ಬಾಯಿ ನೋಡಿದ. ಮೆದೆರ್ ಅಗಿದ. ಉತ್ತರ ಕೊಡಲು ಸಂದಿಯೇ ಇರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಮುಖ ಹಾಕಬೇಕೆಂದು ಯೋಚಿಸದೆ ಅವನು ಯಾರೆದುರಾದರೂ ಕೂತದ್ದು ಇದೇ ಮೊದಲು.

"ಬಾಯಲ್ಲಿ ತುತ್ತು ಇರೋವಾಗ ಮಾತಾಡ್ಬೇಡ ಅಂತ ಇವನಿಗೆ ನಾನೇ ಕಲಿಸಿದ್ದು," ಎಂದ ಮಾವ. ಮತ್ತೆ ನಗು. ಯಾರೋ ಲೋಟ ಎತ್ತಿದರು, ಮಾತು ಕುದುರೆಗಳ ಕಡೆಗೆ ಹೊರಳಿತು, ಹಳಿಯ ಅಗಲ ಎಲ್ಲರಿಗೂ ಮರೆತೇಹೋದಂತಿತ್ತು. ಬಾಯ್ಸೆರ್ಕೆ ಎರಡೂ ಜಂಬಾಶ್‌ಗಳ ಮಾಂಸ ಕೊಯ್ದು ಆಚೆಗೆ ಈಚೆಗೆ ಸಮನಾಗಿ ಹಂಚಿ ಕಳಿಸಿದ, ತಾನು ಒಂದು ಚೂರೂ ಮುಟ್ಟಲಿಲ್ಲ.

ಆಮೇಲೆ, ಎಲ್ಲರ ಗಮನ ಬೇರೆ ಕಡೆ ಇದ್ದಾಗ, ಮುಂಗಾಲಿನ ಎಲುಬನ್ನು ತನ್ನ ಕಡೆಗೆ ಎಳೆದುಕೊಂಡ. ಹಿಂದೆ ಕೂತಿದ್ದ ಮೆದೆರ್‌ಗೆ ಮುಖ ಕಾಣುತ್ತಿರಲಿಲ್ಲ, ಸದ್ದು ಕೇಳುತ್ತಿತ್ತು. ನರ ಹರಿಯಿತು. ಕೀಲಿನ ಮೂಳೆ ಕಟುಂ ಎಂದಿತು, ಬೆಳಗ್ಗೆ ಕುರುತ್ ಒಡೆದ ಹಾಗೆ. ಹಲ್ಲಿಲ್ಲದ ಮುದುಕ ತನ್ನ ಪಾಲಿಗೆ ಬಂದದ್ದನ್ನು ಅವಸರವಿಲ್ಲದೆ, ಚೂರೂ ಬಿಡದೆ ತಿಂದು, ಬಿಳಿಯಾದ ಎಲುಬನ್ನು ಪಕ್ಕದಲ್ಲಿ, ಅಳಿಯನ ಮಂಡಿಯ ಹತ್ತಿರ ಇಟ್ಟ.

"ಇದೂ ಚೆನ್ನಾಗೇ ಇತ್ತು ಬಾಲಂ," ಎಂದ ಮೆಲ್ಲಗೆ, ತಿರುಗದೆ.

ಮೆದೆರ್‌ನ ಬಾಯಿ ಇನ್ನೂ ಖಾಲಿಯಾಗಿರಲಿಲ್ಲ.